ಚಾಚಾನ ಬೀಡಿ ಕಟ್ಟು

ಸೊರಬದ ಬಸ್ಸಿನಲ್ಲಿ ಯಾರ ಅಂಗಿಯಿಂದಲಾದರೂ ಬೀಡಿ ವಾಸನೆ ಬಂದರೆ, ಶಿಕಾರಿಪುರದ ನಮ್ಮ ತಾರಸಿಯ ಆ ಸಂಜೆ ಈಗಲೂ ನೆನಪಾಗುತ್ತದೆ. ರಂಜಾನಿನ ಚಂದ್ರ ಕಂಡರೆ ಮರುದಿನದಿಂದಲೇ ಉಪವಾಸ, ಹಗಲಿಡೀ ಬೀಡಿಯೂ ಇಲ್ಲ. ಕಾಣದಿದ್ದರೆ ಇನ್ನೊಂದು ದಿನ ಬಿಡುವು. ಗಳಿಗೆಗೊಂದು ಬೀಡಿ ಸೇದುವ ಚಾಚಾ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಮನಸ್ಸಿನಲ್ಲೇ ಮೋಡಗಳನ್ನು ಹರಸುತ್ತಿದ್ದ. ಮೋಡ ಸರಿದು, ಕತ್ತರಿಸಿದ ಉಗುರಿನಂಥ ಚಂದ್ರ ನಮ್ಮಿಬ್ಬರಿಗೂ ಒಂದು ಕ್ಷಣ ಕಂಡ.

"ಸುಮ್ನಿರು ಪುಟ್ಟಿ," ಎಂದು ಚಾಚಾ ನನ್ನ ಕಾಲು ಚಿವುಟಿದ.

"ಕಂಡಿತೇನೋ?" ಅಜ್ಜಿ ಕೇಳಿದಳು.

"ಇಲ್ಲಮ್ಮ, ಬರೀ ಮೋಡ."

ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿ ಆಕಾಶದತ್ತ ತಲೆಯನ್ನೇ ಎತ್ತಲಿಲ್ಲ. ಹತ್ತಿರ ಬಂದು ಮಗನ ಜೋಲುಮುಖವನ್ನೇ ನೋಡಿ, ತಲೆಯ ಮೇಲೆ ಸೆರಗೆಳೆದು ದುವಾಕ್ಕೆ ಕೈಯೆತ್ತಿದಳು.

"ಚಾಂದ್ ಕಂಡೈತಿ," ಎಂದಳು. "ಬೀಡಿ ಕಟ್ಟು ಇತ್ತ ತಾ."