ತಲೆಗೆ ತಣ್ಣೀರು

ಮೂರನೇ ವಯಸ್ಸಿನಲ್ಲಿ ರೈಲು ನಿಲ್ದಾಣದಿಂದ ಅಪಹರಣವಾದ ಮಗಳು ಹತ್ತೊಂಬತ್ತು ತುಂಬಿದ ಮೇಲೆ ಪೊಲೀಸರ ಜೀಪಿನಲ್ಲಿ ಮನೆಗೆ ಬಂದಿದ್ದಳು. ಎರಡು ವರ್ಷವಾದರೂ ಅವಳು ತಾಯಿ ವಿಶಾಲಾಕ್ಷಿಯನ್ನು "ಇಲ್ನೋಡಿ" ಎಂದೇ ಕರೆಯುತ್ತಿದ್ದಳು. ರಕ್ತಪರೀಕ್ಷೆ ಒಪ್ಪಿದ್ದನ್ನು ಅವಳ ನಾಲಿಗೆ ಇನ್ನೂ ಒಪ್ಪಿರಲಿಲ್ಲ. ಆ ಒಂದು ಮಾತನ್ನು ವಿಶಾಲಾಕ್ಷಿ ಬಾಯಿಬಿಟ್ಟು ಕೇಳಲಿಲ್ಲ, ಕಾದಳು.

ಆ ದಿನ ಬೆಳಿಗ್ಗೆ ಠಾಣೆಯಿಂದ ಫೋನು ಬಂತು.

"ನಿನ್ನ ಕದ್ಕೊಂಡು ಹೋಗಿದ್ಲಲ್ಲ, ಅವಳು ಜೈಲಲ್ಲಿ ಸತ್ಲಂತೆ ಕಣೇ," ಎಂದಳು ವಿಶಾಲಾಕ್ಷಿ.

"ಹೌದಾ," ಎಂದಷ್ಟೇ ಹೇಳಿ ಹುಡುಗಿ ಬಚ್ಚಲುಮನೆಗೆ ಹೋದಳು.

ಪೀಡೆ ತೊಲಗಿತು, ಇನ್ನು ಇವಳು ಪೂರ್ತಿ ನನ್ನವಳು ಎಂದುಕೊಂಡ ವಿಶಾಲಾಕ್ಷಿ ಶ್ಯಾವಿಗೆ ಹುರಿದು ಪಾಯಸಕ್ಕಿಟ್ಟಳು. "ದ್ರಾಕ್ಷಿ ಜಾಸ್ತಿ ಹಾಕ್ಲೇನೇ?" ಎಂದು ಅಲ್ಲಿಂದಲೇ ಕೂಗಿದಳು.

ಬಚ್ಚಲ ಬಾಗಿಲು ತೆರೆಯಿತು. ಹುಡುಗಿ ಉಟ್ಟ ಬಟ್ಟೆಯಲ್ಲೇ ತಲೆಗೆ ತಣ್ಣೀರು ಸುರಿದುಕೊಂಡು ನಡುಗುತ್ತ ನಿಂತಿದ್ದಳು. ಅಂಥ ಸ್ನಾನ ಮಾಡುವುದು ಸ್ವಂತದವರು ಸತ್ತ ಸುದ್ದಿ ಕೇಳಿದಾಗ ಮಾತ್ರ.

"ಏನೇ ಇದು? ನಮಗೆಲ್ಲಿಯ ಸೂತಕ? ಅವಳು ನಿನಗೇನಾಗಬೇಕು?"

ಇನ್ನೂ ನಾಲ್ಕು ಮಾತು ಬೈಯಲು ಹೊರಟ ವಿಶಾಲಾಕ್ಷಿ, ಹುಡುಗಿಯ ಮುಖ ನೋಡಿ ತಡೆದಳು. ಒಲೆ ಆರಿಸಿದಳು. ಒಣಗಿದ ಟವೆಲ್ ತಂದು ಮಗಳ ತಲೆ ಒರೆಸತೊಡಗಿದಳು.

ಹುಡುಗಿ ಅವಳ ಹೆಗಲಿಗೆ ಮುಖ ಒತ್ತಿದಳು.

"ಅಮ್ಮಾ," ಎಂದಳು, "ನಮ್ಮವ್ವ ಹೋಗ್ಬಿಟ್ಲು."