ಮಾಸ್ತರರ ಕೊನೆಯ ಮಾರ್ಚ್

ಬ್ಯಾಂಡ್ ಮಾಸ್ತರರಿಗೆ ಗುರು ಇರಲಿಲ್ಲ. ಪೊಲೀಸ್ ಮೈದಾನದ ಬೇಲಿಯಾಚೆ ನಿಂತು ಪೊಲೀಸ್ ಬ್ಯಾಂಡ್ ಕೇಳಿ ಕೇಳಿಯೇ ಟ್ರಂಪೆಟ್ ಕಲಿತವರು. ಊರಿನ ಮದುವೆಗಳಿಗೆಲ್ಲ ಮೆರವಣಿಗೆಯ ಮಾರ್ಚ್ ಧಾಟಿ ಕಟ್ಟಿಕೊಟ್ಟು, ಕೊನೆಗೆ ತಮ್ಮ ಶವಯಾತ್ರೆಗೂ ಒಂದನ್ನು ಕಟ್ಟಿಟ್ಟಿದ್ದರು. ಹಾಸಿಗೆ ಹಿಡಿದ ಮೇಲೆ ಶಿಷ್ಯ ದಾವಲಸಾಬನನ್ನು ಕರೆಸಿ ಹೇಳಿದರು:

"ಇದನ್ನ ನೀ ತಪ್ಪಿಲ್ಲದ ಊದಿದ ದಿನ ನಾ ಕಣ್ಣು ಮುಚ್ಚತೀನಿ."

ದಾವಲಸಾಬ ದಿನಾ ಸಂಜೆ ಬಂದು ಮಂಚದ ಪಕ್ಕ ನಿಂತು ಊದುತ್ತಿದ್ದ. ದಿನಾ ಒಂದೇ ಕಡೆ ತಪ್ಪುತ್ತಿದ್ದ.

"ಎಮ್ಮಿ ಒದರಿದಂಗ ಆತು" ಎಂದು ಮಾಸ್ತರರು ಬೈಯುತ್ತಿದ್ದರು.

ಅವನು ಹೊರಡುವಾಗ ಮಾಸ್ತರರ ಹೆಂಡತಿ ಚಹಾ ಕೊಟ್ಟು ಮೆಲ್ಲಗೆ ಹೇಳುತ್ತಿದ್ದರು: "ನಾಳೇನೂ ಅಲ್ಲೇ ತಪ್ಪಪಾ."

ಒಂದು ಸಂಜೆ ಬೈಗುಳ ತುಸು ಹೆಚ್ಚಾಯಿತು.

"ನಿನ್ನ ಕೈಯಾಗ ಟ್ರಂಪೆಟ್ ಕೊಟ್ಟಿದ್ದ ನನ್ನ ತಪ್ಪು. ಹೋಗು, ಪೀಪಿ ಮಾರು."

ಸಿಟ್ಟಿನ ಭರದಲ್ಲಿ ದಾವಲಸಾಬ ಮೊದಲಿನಿಂದ ಕೊನೆಯವರೆಗೆ ಸರಿಯಾಗಿ ಊದಿಬಿಟ್ಟ. ಅಡುಗೆಮನೆಯಿಂದ ಓಡಿ ಬಂದ ಹೆಂಡತಿ ಬಾಗಿಲಲ್ಲೇ ನಿಂತರು. ಮಾಸ್ತರರ ಕಣ್ಣು ಮುಚ್ಚಿದ್ದವು.

"ಮಾಸ್ತರ್ರ?"

"ತಪ್ಪಿದಿ" ಎಂದರು ಮಾಸ್ತರರು, ಕಣ್ಣು ತೆರೆಯದೆ.

"ಎಲ್ಲಿ ತಪ್ಪೀನ್ರಿ?"

"ನಾಳೆ ಬಾ, ಹೇಳತೀನಿ."