ಹಿಂದಿನ ಸೀಟಿನ ಕಾವಲು

ಬೇಸಿಗೆಯ ಮೊದಲ ವಾರ, ಬೆಳಗಿನ ಆರು ಗಂಟೆ. ಮಾವ ಸೊಂಟದ ಕೀಲಿಕೈಯಿಂದ ಗೇಟು ತೆಗೆದು, ಬಗ್ಗಿ ಬೈಕಿನ ಮೀಟರು ಓದಿಕೊಂಡ. ಮೈದಾನಕ್ಕೆ ಹೋಗಿ ಬರಲು ಒಂಬತ್ತು ಕಿಲೋಮೀಟರು. ಹತ್ತಾದರೆ ಲೆಕ್ಕ ಕೇಳುವವನು.

ಮಗ ಹಡಗಿನ ಕೆಲಸದಲ್ಲಿ ದೂರವಿದ್ದ. ಕೈ ನಡುಗಲು ಶುರುವಾಗಿ ಮಾವ ಗಾಡಿ ಓಡಿಸುವುದನ್ನು ನಿಲ್ಲಿಸಿದ್ದ. ಆಸ್ಪತ್ರೆಗೆ ಕರೆದೊಯ್ಯಲು ಯಾರಾದರೂ ಬೇಕಿತ್ತು. ಅದಕ್ಕೇ ಸೊಸೆಗೆ ಬೈಕು ಕಲಿಯಲು ಅಪ್ಪಣೆ. ಹಿಂದಿನ ಸೀಟಿನಲ್ಲಿ ಅತ್ತೆ ಕೂತಿರಲೇಬೇಕು ಎಂಬುದು ಷರತ್ತು.

“ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋ. ಓದಿದ ಹುಡುಗಿ, ರೆಕ್ಕೆ ಬಲೀತಿದೆ,” ಎಂದ ಹೆಂಡತಿಗೆ.

“ಈ ಮನೇಲಿ ಯಾರಿಗೆ ರೆಕ್ಕೆ ಬಂದ್ರೂ ಮೊದಲು ಗೊತ್ತಾಗೋದು ನನಗೇ,” ಎಂದಳು ಅತ್ತೆ.

ಸೊಸೆಯ ಹೆಲ್ಮೆಟ್ಟಿನ ಒಳಪದರದಲ್ಲಿ ಒಂದು ಬಸ್ ಟಿಕೆಟ್ ಇತ್ತು. ಒಬ್ಬರದ್ದು. ತರಬೇತಿ ಮುಗಿಯುವ ಶುಕ್ರವಾರದ್ದು, ಬೆಳಗಿನ ಆರೂ ಮುಕ್ಕಾಲಿನದು. ಮರುದಿನ ಮಗ ರಜೆಗೆ ಬಂದಿಳಿಯುತ್ತಾನೆ. ಆ ಬಸ್ಸು ತಪ್ಪಿದರೆ ಮುಂದೆ ಗೇಟು ತೆರೆಯುವುದು ಆಸ್ಪತ್ರೆಗೆ ಮಾತ್ರ, ಅದೂ ಮಾವನಿಗಾಗಿ.

ಮೈದಾನದಲ್ಲಿ ಕಲಿಸುವವನು ಮುದುಕ ಮೆಕ್ಯಾನಿಕ್. ಅಡ್ಡಲಾಗಿ ಡಬ್ಬಗಳನ್ನಿಟ್ಟು, ಗಾಡಿ ಜೋರಾಗಿ ಬರುವಾಗ ಕೂಗುತ್ತಿದ್ದ. “ಮೊದಲು ಎರಡೂ ಬ್ರೇಕು, ಹಿಂಡಿದ ಹಾಗೆ. ಬ್ರೇಕು ಬಿಟ್ಟ ಮೇಲೆ ತಿರುವು. ಬ್ರೇಕು, ತಿರುವು ಒಟ್ಟಿಗೆ ಮಾಡಿದ್ರೆ ಗಾಡಿ ಮಲಗುತ್ತೆ. ಡಬ್ಬ ನೋಡಬೇಡಮ್ಮ, ನೋಡಿದ್ದಕ್ಕೇ ಗುದ್ದುತ್ತೀಯ. ಸಂದು ನೋಡು.”

ಮೊದಲ ದಿನ ಐದು ಡಬ್ಬ ಉರುಳಿದವು.

“ಅಕ್ಕ, ನೀವಾದ್ರೂ ಇಳೀರಿ. ಹಿಂದೆ ಭಾರ ಇದ್ರೆ ಇವಳಿಗೆ ಕಷ್ಟ,” ಎಂದ ಮೆಕ್ಯಾನಿಕ್ ಅತ್ತೆಗೆ.

“ನಾನಿಲ್ಲದೆ ಇವಳು ಕಲಿತು ಏನು ಬಂತು?” ಅತ್ತೆ ಅಲುಗಲಿಲ್ಲ. “ನೀವು ಕಲಿಸಿ. ನಾನು ಉಡದ ಹಾಗೆ ಹಿಡ್ಕೊಂಡಿರ್ತೀನಿ.”

ಒಂದು ದಿನವೂ ಇಳಿಯಲಿಲ್ಲ. ಗಾಡಿ ಎತ್ತ ವಾಲಿದರೆ ಅತ್ತ ವಾಲುವುದನ್ನು ಮೂರನೆಯ ವಾರಕ್ಕೆ ಕಲಿತಳು. ಬೆನ್ನಿಗೆ ಅತ್ತೆಯ ಉಸಿರು ತಾಗದೆ ಸೊಸೆ ಒಂದು ಗೇಣು ದಾರಿಯನ್ನೂ ಸಾಗಲಿಲ್ಲ.

ಶುಕ್ರವಾರ ಬಂತು. ಗೇಟು ತೆಗೆದ ಮಾವ, ಗಾಡಿ ಹೊರಟ ಮೇಲೆ ನೋಡಿದ: ಸೊಸೆಯ ಹೆಗಲಿನ ಚೀಲ ಉಬ್ಬಿತ್ತು. ಮನೆಯ ಹಿಂದಿನ ಕಾಲುದಾರಿಯಲ್ಲಿ ಓಡಿ, ರಸ್ತೆಯ ತಿರುವಿಗೆ ಮೊದಲೇ ತಲುಪಿದ. ನಡುರಸ್ತೆಯಲ್ಲಿ ಕೈ ಅಗಲಿಸಿ ನಿಂತ.

“ನಿಲ್ಲಿಸೇ! ಹಿಡ್ಕೊಳೇ ಅವಳನ್ನ!”

ಅತ್ತೆ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.

ಒಂದು ಕಡೆ ಚರಂಡಿ, ಇನ್ನೊಂದು ಕಡೆ ನಿಂತ ಲಾರಿ. ಸೊಸೆ ಎರಡೂ ಬ್ರೇಕು ಹಿಂಡಿದಳು. ಮುಂಭಾಗ ತಗ್ಗಿತು, ಟೈರು ಕಿರುಗುಟ್ಟಿತು. ಬ್ರೇಕು ಬಿಟ್ಟಳು. ಲಾರಿಗೂ ಮಾವನ ಅಂಗಿಗೂ ನಡುವೆ ಮೂರಡಿ ಸಂದು ಇತ್ತು. ಕಣ್ಣು ಅಲ್ಲೇ ನೆಟ್ಟಳು. ಗಾಡಿ ವಾಲಿತು, ಹಿಂದಿನ ಭಾರವೂ ವಾಲಿತು. ಅಂಗಿ ಗಾಳಿಗೆ ಪಟಪಟಿಸಿದ್ದಷ್ಟೇ.

ಬಸ್ ನಿಲ್ದಾಣ ತಲುಪಿದಾಗ ಆರೂ ನಲವತ್ತು. ಸೊಸೆ ಇಂಜಿನ್ ಆರಿಸಲಿಲ್ಲ, ಸೀಟು ಬಿಟ್ಟು ಏಳಲೂ ಇಲ್ಲ.

ಮೂವತ್ತನಾಲ್ಕು ವರ್ಷ ಒಬ್ಬಳೇ ಹೊಸಿಲು ದಾಟಿರದ ಅತ್ತೆ, ಆ ಶುಕ್ರವಾರ, ಸೊಸೆಯ ಹೆಗಲಿನಿಂದ ತನ್ನ ಚೀಲ ಇಳಿಸಿಕೊಂಡು ಬಸ್ಸು ಹತ್ತಿ ಹೋದಳು.